ತಪ್ಪಿದ ದಾರಿ, ಕೊಟ್ಟ ಮಾತು



ಭಾನುವಾರ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಬಂದರೆ ನಮ್ಮಲ್ಲಿ ಒಬ್ಬರನ್ನೊಬ್ಬರು ಮೊದಲು ಕೇಳುವುದು ಆರೋಗ್ಯವನ್ನಲ್ಲ. "ಈಗ ಎಲ್ಲಪ್ಪಾ ಕೆಲಸ?" ಎಂದು ಕೇಳುತ್ತೇವೆ. ಆ 'ಈಗ' ಎಂಬ ಮಾತಿನಲ್ಲೇ ಎಲ್ಲ ಇದೆ. ಹೋದ ಹಬ್ಬದಲ್ಲಿ ಹೇಳಿದ ಕಡೆ ಇವನು ಇನ್ನೂ ಇರಲಾರ ಎಂಬುದು ಕೇಳುವವರಿಗೂ ಗೊತ್ತು, ಹೇಳುವವನಿಗೂ ಗೊತ್ತು. ಹಿರಿಯರಾದರೆ ಒಂದು ಮಾತು ಸೇರಿಸುತ್ತಾರೆ: "ಎಲ್ಲಾದರೂ ಒಂದು ಕಡೆ ನೆಲೆ ನಿಲ್ಲಬೇಕು ಕಣಪ್ಪಾ." ಅವರು ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಆದರೂ ಕಾಲಿಗೆ ಚಕ್ರ ಕಟ್ಟಿಕೊಂಡವನ ಮಾತನ್ನು ಎಷ್ಟು ನಂಬಬಹುದು ಎಂಬ ಸಂಶಯ ಆ ಉಪದೇಶದ ಅಡಿಯಲ್ಲಿ ಇರುತ್ತದೆ. ಹೆಣ್ಣು ಕೊಡುವಾಗ, ಸಾಲ ಕೊಡುವಾಗ, ಧರ್ಮಕೇಂದ್ರದ ಪಾಲನಾ ಸಮಿತಿಗೆ ಹೆಸರು ಸೂಚಿಸುವಾಗ ಆ ಸಂಶಯ ಹೊರಗೆ ಬರುತ್ತದೆ.

ಇದನ್ನು ಬಿಡಿಸಿ ನೋಡುವ ಪ್ರಯತ್ನ ಈ ಬರಹ. ಹಾಕಿಕೊಂಡ ಯೋಜನೆ ಮತ್ತೆ ಮತ್ತೆ ಮುರಿದವನು ಚಂಚಲನೋ, ಅಥವಾ ಪರಿಸ್ಥಿತಿಗೆ ತಕ್ಕಂತೆ ನಡೆದವನೋ? ಎರಡನ್ನೂ ಬೇರೆ ಮಾಡಿ ತಿಳಿಯುವುದು ಹೇಗೆ?

ನಮ್ಮ ಹೊಸೂರು ಸೀಮೆಯಲ್ಲಿ ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ "ಎಲ್ಲಿ ಕೆಲಸ" ಎಂದು ಯಾರೂ ಕೇಳುತ್ತಿರಲಿಲ್ಲ. ರಾಗಿ ಹೊಲ, ಹುರುಳಿ ಹೊಲ, ನಾಲ್ಕು ದನ, ಅಷ್ಟೇ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು. ಅದರ ಹಿಂದೆಯೇ ಲಾರಿ, ಮೊಪೆಡ್, ಕೈಗಡಿಯಾರದ ಕಾರ್ಖಾನೆಗಳು ಬಂದವು. ನಮ್ಮ ತಂದೆಯಂದಿರ ತಲೆಮಾರಿನವರು ಒಮ್ಮೆ ಗೇಟಿನೊಳಗೆ ಹೋದರೆ ನಿವೃತ್ತಿಯ ದಿನ ಹಾರ ಹಾಕಿಸಿಕೊಂಡೇ ಹೊರಗೆ ಬಂದರು. ನೆಲೆ ನಿಲ್ಲುವುದು ಅವರಿಗೆ ಸದ್ಗುಣವೂ ಆಗಿತ್ತು, ಸಾಧ್ಯವೂ ಆಗಿತ್ತು. ನಮ್ಮ ಕಾಲಕ್ಕೆ ಬರುವ ಹೊತ್ತಿಗೆ ಅದೇ ಗೇಟಿನ ಮುಂದೆ ಟ್ರೈನಿ, ಕಾಂಟ್ರಾಕ್ಟ್, ಅಪ್ರೆಂಟಿಸ್ ಎಂದು ಮೂರು ಸಾಲುಗಳಾದವು. ಪರ್ಮನೆಂಟ್ ಎಂಬ ಸಾಲು ಎಲ್ಲಿದೆ ಎಂದು ಹುಡುಕಬೇಕಾಯಿತು. ಇದು ಯಾರ ಸ್ವಭಾವದ ಮಾತೂ ಅಲ್ಲ. ಹೊಲ ಬದಲಾದಾಗ ಬಿತ್ತನೆಯೂ ಬದಲಾಗುತ್ತದೆ.

ಅದರ ಮೇಲೆ ನಾವು ಗಡಿಯವರು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಯಾದಾಗ ಬಸ್ಸುಗಳು ನಿಂತುಹೋದವು. ಬೆಂಗಳೂರಿಗೆ ಹೋಗುವವರು ಜೂಜುವಾಡಿಯಲ್ಲಿ ಇಳಿದು, ಗಂಟುಮೂಟೆ ಹೊತ್ತು, ಅತ್ತಿಬೆಲೆಯವರೆಗೆ ನಡೆದು, ಆ ಕಡೆಯ ಬಸ್ಸು ಹಿಡಿಯಬೇಕಾಯಿತು. ಆಗ ನಾನು ಬೊಮ್ಮಸಂದ್ರದ ಕಡೆ ಕೆಲಸದಲ್ಲಿದ್ದೆ. ನಾಲಗೆಯಲ್ಲಿ ಕನ್ನಡ, ಬೈಕಿನ ನಂಬರ್ ಪ್ಲೇಟಿನಲ್ಲಿ ಟಿಎನ್ 70. ಆ ದಿನಗಳಲ್ಲಿ ಎರಡರಲ್ಲಿ ಯಾವುದನ್ನು ಮೊದಲು ನೋಡುತ್ತಾರೆ ಎಂಬುದರ ಮೇಲೆ ಮನೆಗೆ ಮುಟ್ಟುವುದು ನಿಂತಿತ್ತು. ಬೈಕನ್ನು ಮನೆಯಲ್ಲೇ ಬಿಟ್ಟು ನಡೆದೆ. ನಾಲಗೆಯನ್ನು ಮನೆಯಲ್ಲಿ ಬಿಡುವ ಹಾಗಿರಲಿಲ್ಲ, ಬಿಡಬೇಕೆಂದು ಅನಿಸಲೂ ಇಲ್ಲ.

ಆಮೇಲೆ 2020. ಮಾರ್ಚ್ 24ರ ರಾತ್ರಿ ಘೋಷಣೆ, ಮಾರನೆಯ ದಿನದಿಂದ ಎಲ್ಲ ಬಂದ್. ಏಪ್ರಿಲ್ 12ರ ಪಾಸ್ಕ ಹಬ್ಬಕ್ಕೆ ದೇವಾಲಯದ ಬಾಗಿಲು ಮುಚ್ಚಿತ್ತು. ಮೇ ತಿಂಗಳ ಆರಂಭದಲ್ಲಿ ಕೇಂದ್ರ ಸರ್ಕಾರದ ಪಟ್ಟಿಯ ಪ್ರಕಾರ ಇಡೀ ತಮಿಳುನಾಡಿನಲ್ಲಿ ಹಸಿರು ವಲಯ ಎನಿಸಿಕೊಂಡದ್ದು ನಮ್ಮ ಕೃಷ್ಣಗಿರಿ ಜಿಲ್ಲೆ ಒಂದೇ. ಹಸಿರು ಎಂದು ಹೆಸರು ಬಂದರೂ 40 ಕಿಲೋಮೀಟರ್ ದೂರದ ಬೆಂಗಳೂರಿಗೆ ಇ-ಪಾಸ್ ಇಲ್ಲದೆ ಹೋಗುವಂತಿರಲಿಲ್ಲ. ಅತ್ತ ಆನೇಕಲ್ಲಿನಲ್ಲಿ ಮಗಳನ್ನು ಕೊಟ್ಟವರು, ಇತ್ತ ತಳಿಯಲ್ಲಿ ತಾಯಿಯನ್ನು ಬಿಟ್ಟವರು ಚೆಕ್‌ಪೋಸ್ಟಿನ ಎರಡು ಬದಿಯಲ್ಲಿ ನಿಂತು ಫೋನಿನಲ್ಲಿ ಮಾತನಾಡಿದರು. ರೋಸ್ ಬೆಳೆದವರು ಹೂವನ್ನು ಕೊಯ್ದು ತಿಪ್ಪೆಗೆ ಹಾಕಿದರು. ಕೊಯ್ಯದೆ ಬಿಟ್ಟರೆ ಗಿಡ ಕೆಡುತ್ತದೆ, ಕೊಯ್ದರೆ ಕೊಳ್ಳುವವರಿಲ್ಲ.

ನನ್ನ ಪಟ್ಟಿಯನ್ನೂ ಹೇಳಿಬಿಡುತ್ತೇನೆ, ದೊಡ್ಡದೇನಲ್ಲ. ಡಿಪ್ಲೊಮಾ ಮುಗಿಸಿ ಇಲ್ಲೇ ಒಂದು ಕಾರ್ಖಾನೆಯಲ್ಲಿ ಮೂರು ವರ್ಷ ಟ್ರೈನಿ. ನಾಲ್ಕನೆಯ ವರ್ಷ ಪರ್ಮನೆಂಟ್ ಆಗುತ್ತದೆ ಎಂದಿದ್ದರು. ನಾಲ್ಕನೆಯ ವರ್ಷಕ್ಕೆ ಹೊಸ ಟ್ರೈನಿಗಳು ಬಂದರು, ನಾವು ಹೊರಗೆ ಬಂದೆವು. ಆಮೇಲೆ ಬೊಮ್ಮಸಂದ್ರ. 2019ರಲ್ಲಿ ಕತಾರ್. 2020ರ ಪಾಸ್ಕ ಹಬ್ಬ ಕಳೆದ ಮೇಲೆ ತಂಗಿಯ ಮದುವೆ ಎಂದು ನಿಶ್ಚಯವಾಗಿ, ಟಿಕೆಟ್ಟೂ ತೆಗೆದಾಗಿತ್ತು. ಮದುವೆ ಜೂನಿನಲ್ಲಿ ಇಪ್ಪತ್ತು ಜನರ ಮುಂದೆ ನಡೆಯಿತು. ಅಣ್ಣನಾಗಿ ನಿಲ್ಲಬೇಕಾದ ನಾನು ಕ್ಯಾಂಪಿನ ಮಂಚದ ಮೇಲೆ ಕುಳಿತು ಫೋನಿನಲ್ಲಿ ನೋಡಿದೆ. ತಾಳಿ ಕಟ್ಟುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ಆಗಸ್ಟಿನಲ್ಲಿ ವಂದೇ ಭಾರತ್ ವಿಮಾನದಲ್ಲಿ ಬಂದೆ, ಬಂದ ಮೇಲೆ ಆ ಕೆಲಸ ಇರಲಿಲ್ಲ. ಒಂದೂವರೆ ವರ್ಷ ಚಿಕ್ಕಪ್ಪನ ಪಾಲಿಹೌಸಿನಲ್ಲಿ ರೋಸ್ ಗಿಡಗಳಿಗೆ ಔಷಧ ಹೊಡೆದೆ. ಈಗ ಮತ್ತೆ ಒಂದು ಕಾರ್ಖಾನೆ, ಮತ್ತೆ ಕಾಂಟ್ರಾಕ್ಟ್. ನಿಮ್ಮಲ್ಲಿ ಅನೇಕರ ಪಟ್ಟಿ ಇದಕ್ಕಿಂತ ಉದ್ದವಿದೆ ಎಂದು ನನಗೆ ಗೊತ್ತು.

ಇಂಥ ಪಟ್ಟಿ ಹಿಡಿದುಕೊಂಡು ಪವಿತ್ರ ಬೈಬಲನ್ನು ತೆರೆದರೆ ಸಂತ ಪೌಲರು ಬೇರೆಯೇ ಮನುಷ್ಯರಾಗಿ ಕಾಣುತ್ತಾರೆ. ಅವರನ್ನು ನಾವು ಮಹಾ ಪ್ರಯಾಣಿಕರೆಂದು ಕೊಂಡಾಡುತ್ತೇವೆ, ಭೂಪಟದಲ್ಲಿ ಅವರ ಮೂರು ಯಾತ್ರೆಗಳಿಗೆ ಮೂರು ಬಣ್ಣದ ಗೆರೆ ಎಳೆಯುತ್ತೇವೆ. ಅವರು ಹೋಗಬೇಕೆಂದು ಹೊರಟು ಹೋಗಲಾಗದ ಊರುಗಳಿಗೆ ಯಾವ ಭೂಪಟದಲ್ಲೂ ಗೆರೆ ಇಲ್ಲ. ಕೊರಿಂಥದವರಿಗೆ ಬರುತ್ತೇನೆ ಎಂದಿದ್ದರು, ಮಕೆದೋನಿಯಕ್ಕೆ ಹೋಗುವಾಗ ಒಮ್ಮೆ, ಹಿಂದಿರುಗುವಾಗ ಇನ್ನೊಮ್ಮೆ. ಹೇಳಿದ ಹಾಗೆ ಬರಲಿಲ್ಲ. ಕೊರಿಂಥದವರು ಬೇಸರಪಟ್ಟುಕೊಂಡರು. ಇವರ ಮಾತೇ ಹೀಗೆ, ಒಂದೇ ಬಾಯಲ್ಲಿ ಹೌದೂ ಅಲ್ಲವೂ ಎಂದು ಆಡಿಕೊಂಡರು. ನಮ್ಮ ಅಂಗಳದ ಸಂಶಯವೇ ಅದು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ ಪೌಲರು ಇದಕ್ಕೆ ಉತ್ತರ ಕೊಡುತ್ತಾರೆ. ಆ ಉತ್ತರವನ್ನು ನಿಧಾನವಾಗಿ ಓದಬೇಕು. ಬಿಡುವಿರಲಿಲ್ಲ, ಹಡಗು ಸಿಗಲಿಲ್ಲ ಎಂದು ಅವರು ಹೇಳುವುದಿಲ್ಲ. ಆಗ ಬಂದಿದ್ದರೆ ನಿಮಗೆ ನೋವಾಗುತ್ತಿತ್ತು, ನಿಮ್ಮನ್ನು ನೋಯಿಸಬಾರದೆಂದೇ ಬರಲಿಲ್ಲ ಎನ್ನುತ್ತಾರೆ. ದಾರಿ ಬದಲಾದದ್ದು ನಿಮ್ಮಿಂದ ದೂರವಾಗುವುದಕ್ಕಲ್ಲ, ನಿಮಗೋಸ್ಕರ.

ಇದರಲ್ಲಿ ನನಗೆ ಒಂದು ಅಳತೆ ಸಿಕ್ಕಿದೆ. ಯೋಜನೆ ಎನ್ನುವುದು ಊರಿನ ಜೊತೆ, ದಿನಾಂಕದ ಜೊತೆ, ಹುದ್ದೆಯ ಜೊತೆ ಮಾಡಿಕೊಂಡದ್ದು. ಮಾತು ಎನ್ನುವುದು ಮನುಷ್ಯರಿಗೆ ಕೊಟ್ಟದ್ದು. ಮೊದಲನೆಯದು ಮುರಿದಾಗ ಎರಡನೆಯದು ಏನಾಯಿತು ಎಂದು ಕೇಳಬೇಕು. ಇಪ್ಪತ್ತು ವರ್ಷ ಒಂದೇ ಗೇಟಿನಲ್ಲಿ ಹೋಗಿಬಂದು ಮನೆಯವರಿಗೆ ಕೊಟ್ಟ ಒಂದು ಮಾತನ್ನೂ ಉಳಿಸಿಕೊಳ್ಳದವರನ್ನು ನಾವೆಲ್ಲ ಕಂಡಿದ್ದೇವೆ. ಆರು ಕೆಲಸ ಬದಲಿಸಿದರೂ ತಂಗಿಯ ನರ್ಸಿಂಗ್ ಫೀಸನ್ನು ಒಂದು ಸೆಮಿಸ್ಟರ್ ಕೂಡ ತಪ್ಪಿಸದ ಹುಡುಗರನ್ನೂ ಕಂಡಿದ್ದೇವೆ. ನೆಲೆ ನಿಂತವರು ಯಾರು?

ಆದರೆ ಈ ಅಳತೆಯನ್ನು ನಮಗೆ ಅನುಕೂಲವಾಗುವ ಹಾಗೆ ಹಿಗ್ಗಿಸಬಾರದು. ಎಲ್ಲ ಬದಲಾವಣೆಯೂ ಯಾರಿಗೋಸ್ಕರವೋ ಆಗಿರುವುದಿಲ್ಲ. ಕೆಲವು ಸಲ ಸಂಬಳ ಜಾಸ್ತಿ ಎಂದು ಹೋಗುತ್ತೇವೆ. ಮೇಲಿನವರ ಮುಖ ನೋಡಲಾಗದೆ ಹೋಗುತ್ತೇವೆ. ವಿಮಾನ ಹತ್ತುವ ಆಸೆಯಿಂದಲೂ ಹೋಗುತ್ತೇವೆ. ಅದರಲ್ಲಿ ಪಾಪವಿಲ್ಲ. ಅದನ್ನೆಲ್ಲ "ಮನೆಯವರಿಗೋಸ್ಕರ" ಎಂದು ಹೇಳಿ ಮನೆಯವರ ತಲೆಗೆ ಕಟ್ಟಿದರೆ ಮಾತ್ರ ತಪ್ಪು. ಆಸೆಪಟ್ಟು ಹೋದೆ ಎಂದು ಹೇಳುವವನ ಮಾತನ್ನು ನಾನು ನಂಬುತ್ತೇನೆ.

ಇನ್ನೊಂದು ಅಭ್ಯಾಸವಿದೆ, ಅದು ನಮ್ಮ ಕ್ರೈಸ್ತರಲ್ಲೇ ಹೆಚ್ಚು. ಏನೇ ಮುರಿದುಬಿದ್ದರೂ "ದೇವರ ಚಿತ್ತ" ಎಂದು ಮುಗಿಸಿಬಿಡುವುದು. ಸಾವಿನ ಮನೆಯಲ್ಲಿ ಆ ಮಾತು ಸಾಂತ್ವನ ಕೊಡುತ್ತದೆ, ನಿಜ. ಆದರೆ ಎರಡು ತಿಂಗಳ ಸಂಬಳ ಬಾಕಿ ಇಟ್ಟು ಗುತ್ತಿಗೆದಾರ ಫೋನ್ ಎತ್ತದಿರುವಾಗ, ಕೆಲಸ ಕಳೆದುಕೊಂಡವನ ಭುಜ ತಟ್ಟಿ ಹಾಗೆಂದರೆ? ಅದು ದೇವರ ಚಿತ್ತವಲ್ಲ, ಗುತ್ತಿಗೆದಾರನ ಚಿತ್ತ. ದೇವರ ಹೆಸರನ್ನು ಅಲ್ಲಿ ತಂದರೆ ಒಬ್ಬ ಮನುಷ್ಯ ಉತ್ತರ ಹೇಳದೆ ತಪ್ಪಿಸಿಕೊಳ್ಳುತ್ತಾನೆ.

ಸಂತ ಯಾಕೋಬರ ಪತ್ರದ ನಾಲ್ಕನೆಯ ಅಧ್ಯಾಯವನ್ನು ಇದಕ್ಕೆ ಆಧಾರವಾಗಿ ತೋರಿಸುವವರಿದ್ದಾರೆ. ಇಂದೋ ನಾಳೆಯೋ ಆ ಊರಿಗೆ ಹೋಗಿ, ಒಂದು ವರ್ಷ ಇದ್ದು, ವ್ಯಾಪಾರ ಮಾಡಿ ಲಾಭ ಗಳಿಸುತ್ತೇವೆ ಎಂದು ಕೊಚ್ಚಿಕೊಳ್ಳುವವರಿಗೆ ಅವರು ನಾಳೆಯನ್ನು ಬಲ್ಲಿರಾ ಎಂದು ಕೇಳುತ್ತಾರೆ, ದೇವರ ಚಿತ್ತವಾದರೆ ಎಂದು ಹೇಳಲು ಕಲಿಸುತ್ತಾರೆ. ಸರಿ. ಆದರೆ ಪುಟವನ್ನು ಅಲ್ಲಿಗೇ ಮುಚ್ಚಬೇಡಿ. ಐದನೆಯ ಅಧ್ಯಾಯದ ಮೊದಲ ಕೆಲವು ಸಾಲುಗಳಲ್ಲೇ ಅದೇ ಯಾಕೋಬರು ಹೊಲ ಕೊಯ್ದ ಕೂಲಿಯವರ ಕೂಲಿಯನ್ನು ಹಿಡಿದಿಟ್ಟ ಧನಿಕರ ಮೇಲೆ ಗುಡುಗುತ್ತಾರೆ. ಆ ಕೂಲಿಯ ಕೂಗು ದೇವರ ಕಿವಿಗೆ ಬಿದ್ದಿದೆ ಎನ್ನುತ್ತಾರೆ. ನಾಳೆಯ ಬಗ್ಗೆ ವಿನಯ, ಕೂಲಿಯ ಬಗ್ಗೆ ನ್ಯಾಯ, ಎರಡೂ ಒಂದೇ ಪತ್ರದಲ್ಲಿವೆ. ನಾವು ಬಡವರಿಗೆ ಮೊದಲನೆಯದನ್ನು ಬೋಧಿಸಿ ಎರಡನೆಯದನ್ನು ಮರೆಯುತ್ತೇವೆ.

ಪೌಲರೂ ಅಡ್ಡಿಗಳಿಗೆಲ್ಲ ಒಂದೇ ಹೆಸರು ಕೊಡಲಿಲ್ಲ. ಆಸ್ಯದಲ್ಲಿ ಸಾರಲು ಹೊರಟಾಗ, ಬಿಥೂನಿಯಕ್ಕೆ ಕಾಲಿಡಲು ನೋಡಿದಾಗ, ತಡೆದದ್ದು ಪವಿತ್ರಾತ್ಮ ಎಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತವೆ. ಥೆಸಲೋನಿಕದವರನ್ನು ನೋಡಲು ಹೋಗಲಾಗದೆ ಹೋದಾಗ ತಡೆದವನು ಸೈತಾನ ಎಂದು ಸ್ವತಃ ಪೌಲರೇ ಬರೆಯುತ್ತಾರೆ. ರೋಮಿಗೆ ಬರಲು ಇಷ್ಟು ತಡವಾಯಿತೇಕೆ ಎಂಬುದಕ್ಕೆ ದೇವದೂತನೂ ಇಲ್ಲ, ಸೈತಾನನೂ ಇಲ್ಲ. ಇತರ ಕಡೆ ಸಾರುವ ಕೆಲಸವಿತ್ತು, ಅಷ್ಟೇ. ಹೊರಗಿನಿಂದ ನೋಡಿದರೆ ಮೂರೂ ಒಂದೇ ತರಹ: ಹೋಗಬೇಕಿತ್ತು, ಹೋಗಲಾಗಲಿಲ್ಲ. ಯಾವುದು ಯಾವುದೆಂದು ತಿಳಿಯಲು ಪ್ರಾರ್ಥನೆ ಬೇಕು, ಸಮಯ ಬೇಕು, ಜೊತೆಯವರ ಮಾತೂ ಬೇಕು. ಮುಚ್ಚಿದ ಬಾಗಿಲನ್ನೆಲ್ಲ ದೇವರೇ ಮುಚ್ಚಿದರೆಂದು ಪೌಲರು ಅಂದುಕೊಂಡಿದ್ದರೆ ಥೆಸಲೋನಿಕದವರ ಬಳಿಗೆ ತಿಮೊಥೇಯನನ್ನು ಕಳುಹಿಸುತ್ತಿರಲಿಲ್ಲ. ತಾನು ಹೋಗಲಾಗದಿದ್ದಾಗ ಇನ್ನೊಬ್ಬರನ್ನು ಕಳುಹಿಸಿದರು. ಮಾತು ಉಳಿಯಿತು.

ಸಂತ ಜೋಸೆಫರನ್ನೂ ನೆನೆಯೋಣ. 2020ರ ಡಿಸೆಂಬರ್ 8ರಿಂದ ಒಂದು ವರ್ಷವನ್ನು ವಿಶ್ವಗುರು ಫ್ರಾನ್ಸಿಸ್‌ರವರು ಅವರ ಹೆಸರಿಗೆ ಅರ್ಪಿಸಿದ್ದರು. ಅಷ್ಟೊಂದು ಜನ ಕೆಲಸವಿಲ್ಲದೆ ಮನೆಯಲ್ಲಿದ್ದ ಕಾಲಕ್ಕೆ ಅದು ಸರಿಯಾಗಿ ಒದಗಿತು. ಶುಭಸಂದೇಶದಲ್ಲಿ ಅವರ ಒಂದು ಮಾತೂ ದಾಖಲಾಗಿಲ್ಲ, ಬದಲಾದ ಅವರ ಯೋಜನೆಗಳು ಮಾತ್ರ ಸಾಲಾಗಿ ಇವೆ. ಮರಿಯಳನ್ನು ಸದ್ದಿಲ್ಲದೆ ಬಿಡಬೇಕೆಂದಿದ್ದರು, ಬಿಡಲಿಲ್ಲ. ಬೆತ್ಲೆಹೇಮಿನಿಂದ ರಾತ್ರೋರಾತ್ರಿ ಈಜಿಪ್ಟಿಗೆ ಹೊರಟರು. ತಿರುಗಿ ಬರುವಾಗ ಜುದೇಯದ ಕಡೆ ಹೊರಟಿದ್ದವರು ಗಲಿಲೇಯಕ್ಕೆ ತಿರುಗಿದರು. ಕೊನೆಯದನ್ನು ಮತ್ತಾಯರು ಹೇಳುವ ರೀತಿ ನನಗೆ ಬಹಳ ಹಿಡಿಸುತ್ತದೆ. ಕನಸಿನಲ್ಲಿ ಎಚ್ಚರಿಕೆ ಬಂತು ಎಂಬುದಕ್ಕೂ ಮೊದಲು ಅವರು ಇನ್ನೊಂದು ಸಂಗತಿ ಹೇಳುತ್ತಾರೆ: ಹೆರೋದನ ಮಗ ಅರ್ಖೆಲಾಯ ಅಲ್ಲಿ ಆಳುತ್ತಿದ್ದಾನೆಂದು ಕೇಳಿ ಜೋಸೆಫರು ಅಲ್ಲಿಗೆ ಹೋಗಲು ಹೆದರಿದರು. ಆಳುವವನ ಹೆಸರನ್ನು ಮತ್ತಾಯರು ಮರೆಮಾಚಲಿಲ್ಲ. ಜೋಸೆಫರ ಹೆದರಿಕೆಯನ್ನೂ ಮರೆಮಾಚಲಿಲ್ಲ. ದೇವರು ದಾರಿ ತೋರಿಸಿದರು, ಆದರೆ ಯಾರಿಂದಾಗಿ ದಾರಿ ಬದಲಿಸಬೇಕಾಯಿತು ಎಂಬುದೂ ದಾಖಲೆಯಲ್ಲಿ ಉಳಿಯಿತು. ಹೋದ ಊರಿನಲ್ಲೆಲ್ಲ ಆ ಬಡಗಿ ಮಗುವನ್ನೂ ತಾಯಿಯನ್ನೂ ಕರೆದುಕೊಂಡೇ ಹೋದರು ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಇವರಷ್ಟು ಹೆಸರಾಗದ ಒಂದು ದಂಪತಿ ಇದ್ದಾರೆ: ಅಕ್ವಿಲ, ಪ್ರಿಸ್ಸಿಲ. ಡೇರೆ ಮಾಡುವ ಕಸುಬಿನವರು. ಅಕ್ವಿಲ ಪೊಂತದಲ್ಲಿ ಹುಟ್ಟಿದವರು, ರೋಮಿನಲ್ಲಿ ನೆಲೆಸಿದ್ದರು; ಯೆಹೂದ್ಯರೆಲ್ಲ ಊರು ಬಿಡಬೇಕೆಂದು ಚಕ್ರವರ್ತಿ ಕ್ಲೌದಿಯನ ಆಜ್ಞೆಯಾದ್ದರಿಂದ ಕೊರಿಂಥಕ್ಕೆ ಬಂದರು. ಅಲ್ಲಿ ಅದೇ ಕಸುಬಿನ ಪೌಲರು ಅವರ ಜೊತೆ ಕೆಲಸಕ್ಕೆ ಕುಳಿತರು. ಅಲ್ಲಿಂದ ಎಫೆಸ. ರೋಮನರಿಗೆ ಬರೆದ ಪತ್ರದ ಕೊನೆಗೆ ಬಂದರೆ ಅವರು ಮತ್ತೆ ರೋಮಿನಲ್ಲಿದ್ದಾರೆ. ಎಫೆಸದಲ್ಲೂ ಅವರ ಮನೆಯಲ್ಲಿ ವಿಶ್ವಾಸಿಗಳು ಸೇರುತ್ತಿದ್ದರು, ರೋಮಿನಲ್ಲೂ ಸೇರುತ್ತಿದ್ದರು. ಊರು ಬದಲಾಯಿತು, ಬಾಡಿಗೆ ಮನೆ ಬದಲಾಯಿತು, ಬಂದವರಿಗೆ ಬಾಗಿಲು ತೆರೆಯುವ ಅಭ್ಯಾಸ ಬದಲಾಗಲಿಲ್ಲ. ಕತಾರಿನಲ್ಲಿ ನಾವು ಎಂಟು ಜನ ಕನ್ನಡದವರು ಗುರುವಾರ ರಾತ್ರಿ ಒಂದು ಕೋಣೆಯಲ್ಲಿ ಜಪಸರ ಮಾಡುತ್ತಿದ್ದೆವು. ಹಂಚಿಕೊಂಡ ಕೋಣೆ, ಹೊರಗೆ ಚಪ್ಪಲಿ ಬಿಡಲೂ ಜಾಗವಿಲ್ಲ. ಆ ಎಂಟರಲ್ಲಿ ಇಬ್ಬರು ಈಗ ನಮ್ಮ ಧರ್ಮಪುರಿ ಧರ್ಮಕ್ಷೇತ್ರದಲ್ಲೇ ಇದ್ದಾರೆ, ಒಬ್ಬರು ಮಂಗಳೂರಿನಲ್ಲಿ, ಉಳಿದವರು ಬೇರೆ ಬೇರೆ ದೇಶಗಳಲ್ಲಿ. ಇವತ್ತಿಗೂ ಗುರುವಾರ ರಾತ್ರಿ ಯಾರಾದರೂ ಒಬ್ಬರ ಸಂದೇಶ ಬಂದೇ ಬರುತ್ತದೆ.

ಪೌಲರಿಗೆ ಇನ್ನೊಂದು ದೊಡ್ಡ ಯೋಜನೆಯಿತ್ತು. ಸ್ಪೇನಿಗೆ ಹೋಗುವುದು. ರೋಮನರಿಗೆ ಬರೆದ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ ಅದನ್ನು ಎರಡು ಸಲ ಹೇಳುತ್ತಾರೆ. ದಾರಿಯಲ್ಲಿ ನಿಮ್ಮನ್ನು ನೋಡಿ, ನಿಮ್ಮ ಸಹಾಯ ಪಡೆದು ಮುಂದಕ್ಕೆ ಹೋಗುತ್ತೇನೆ ಎನ್ನುತ್ತಾರೆ. ರೋಮಿಗೇನೋ ಬಂದರು, ಆದರೆ ಸೆರೆಯಾಳಾಗಿ, ಕಾವಲಿನ ಸಿಪಾಯಿಯ ಜೊತೆ. ಬಾಡಿಗೆ ಮನೆಯಲ್ಲಿ ಎರಡು ವರ್ಷ ಇದ್ದರೆಂದು ಹೇಳಿ ಕಾರ್ಯಕಲಾಪಗಳ ಪುಸ್ತಕ ಮುಗಿಯುತ್ತದೆ. ಸ್ಪೇನಿಗೆ ಹೋದ ಸುದ್ದಿ ಬೈಬಲಿನಲ್ಲಿ ಎಲ್ಲೂ ಇಲ್ಲ. ಆದರೆ ಸ್ಪೇನಿನ ದಾರಿಯನ್ನು ಸಿದ್ಧಮಾಡಿಕೊಳ್ಳುವುದಕ್ಕೂ ಸೇರಿ ಬರೆದ ಆ ಪತ್ರವನ್ನು ನಾವು ಇಂದಿಗೂ ಬಲಿಪೂಜೆಯಲ್ಲಿ ಓದುತ್ತೇವೆ.

ಓದುತ್ತೇವೆ ಎಂದೆ. ಯಾರು ಓದುತ್ತಾರೆ ಎಂಬುದೇ ಈಗ ನನ್ನ ಮುಂದಿರುವ ಪ್ರಶ್ನೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಓದುತ್ತಾರೆ. 2006ರ ತಮಿಳು ಕಲಿಕೆ ಕಾಯ್ದೆಯ ಮೇಲೆ ಒಂದನೆಯ ತರಗತಿಯಿಂದ ತಮಿಳು ಕಡ್ಡಾಯವಾಯಿತು. ಆ ಮಕ್ಕಳು 2016ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಬಂದಾಗ ಭಾಷಾ ಅಲ್ಪಸಂಖ್ಯಾತರು ಹೈಕೋರ್ಟಿಗೆ ಹೋಗಿ ವಿನಾಯಿತಿ ಕೇಳಬೇಕಾಯಿತು. ತಮಿಳು ಕಲಿಯುವುದು ಒಳ್ಳೆಯದೇ, ನನಗೂ ಅನ್ನ ಕೊಟ್ಟ ಭಾಷೆ ಅದು. ಆದರೆ ಕನ್ನಡ ಬಲಿಪೂಜೆಯಲ್ಲಿ ವಾಚನ ಓದಲು ಪೀಠದ ಬಳಿ ಬರುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅದಕ್ಕೆ ಹೋದ ವರ್ಷದಿಂದ ಭಾನುವಾರ ಸಂಜೆ ಒಂಬತ್ತು ಮಕ್ಕಳಿಗೆ ಕನ್ನಡ ಓದುವುದನ್ನು ಹೇಳಿಕೊಡುತ್ತಿದ್ದೇನೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಮೊದಲ ಎರಡು ತಿಂಗಳು ಅದರಲ್ಲೇ ಹೋಯಿತು. ಕ್ರಿಸ್ಮಸ್ ಹಬ್ಬಕ್ಕೆ ಒಬ್ಬೊಬ್ಬರೂ ಒಂದೊಂದು ವಾಚನ ಓದಬೇಕು, ಇದು ನಾವು ಪರಸ್ಪರ ಕೊಟ್ಟುಕೊಂಡ ಮಾತು.

ಹೋದ ತಿಂಗಳು ಪುಣೆಯ ಹತ್ತಿರದ ಒಂದು ಕಾರ್ಖಾನೆಯಿಂದ ಕರೆ ಬಂದಿದೆ. ಈ ಸಲ ಪರ್ಮನೆಂಟ್, ಪಿ.ಎಫ್., ಮನೆ ಬಾಡಿಗೆ ಎಲ್ಲ ಇದೆ. ಹೋಗುವುದು ಸರಿಯೆಂದೇ ಕಾಣುತ್ತದೆ. ಮನೆಯಲ್ಲೂ ಕುಳಿತು ಮಾತನಾಡಿದ್ದೇವೆ. ನಿವೃತ್ತರಾದ ನಮ್ಮ ಕನ್ನಡ ಟೀಚರಮ್ಮನವರ ಬಳಿ ಹೋಗಿ, ಮಕ್ಕಳನ್ನು ನೀವು ನೋಡಿಕೊಳ್ಳುತ್ತೀರಾ ಎಂದು ಕೇಳಿದೆ. ಅವರಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ. "ಮಕ್ಕಳು ನಮ್ಮ ಮನೆಗೇ ಬರಲಿ ಕಣಪ್ಪಾ," ಎಂದರು. "ಆದರೆ ನೀನು ಹೋಗುವ ವಿಷಯ ನನ್ನ ಬಾಯಿಂದ ಅವರಿಗೆ ತಿಳಿಯಬಾರದು. ನೀನೇ ಹೇಳಬೇಕು."

ಕಳೆದ ಭಾನುವಾರ ಹೇಳಿದೆ. ಯಾಕೆ ಹೋಗುತ್ತಿದ್ದೇನೆ, ಸಂಬಳ ಎಷ್ಟು ಹೆಚ್ಚು ಎಂಬುದನ್ನೂ ಹೇಳಿದೆ. ಮಕ್ಕಳಿಗೆ ಅದು ಅರ್ಥವಾಗುತ್ತದೆ, ಅವರ ಮನೆಗಳಲ್ಲೂ ಇದೇ ಮಾತು ನಡೆಯುತ್ತಿರುತ್ತದೆ. ಕ್ರಿಸ್ಮಸ್ಸಿಗೆ ರಜೆ ಹಾಕಿ ಬರುತ್ತೇನೆ, ವಾಚನ ಕೇಳಲು ಮುಂದಿನ ಬೆಂಚಿನಲ್ಲೇ ಕೂರುತ್ತೇನೆ ಎಂದೆ. ಎಲ್ಲರೂ ಸುಮ್ಮನಿದ್ದರು. ಆಮೇಲೆ ಐದನೆಯ ತರಗತಿಯ ಹುಡುಗಿ ಪುಸ್ತಕದಿಂದ ತಲೆಯೆತ್ತಿ, "ಅಣ್ಣಾ, ಇನ್ನೂ ಒತ್ತಕ್ಷರ ಮುಗಿದಿಲ್ವಲ್ಲಾ?" ಎಂದಳು. ಇನ್ನು ಮೂರು ಭಾನುವಾರಗಳಿವೆ ಎಂದೆ. ಪವಿತ್ರಾತ್ಮ ಎಂಬ ಪದದಿಂದ ಶುರುಮಾಡಿದೆವು.